ಎರಡು ಸಾಲು ತೂತು

ಲೊಫೋಟೆನ್ನಿನ ಫೆಬ್ರವರಿ. ಹೊತ್ತು ಮೂಡಿತೇ
ಎಂದು ಕೇಳುವಷ್ಟರಲ್ಲಿ ಮತ್ತೆ ಕತ್ತಲು.
ಬಂದರಿನಲ್ಲಿ ಕಾಡ್ ಮೀನಿನ ತಲೆಗಳ ಗುಡ್ಡೆ,
ಗುಡ್ಡೆಯ ಸುತ್ತ ಶಾಲೆ ಬಿಟ್ಟ ಮಕ್ಕಳು:
ಮೊಳೆಗೆ ತಲೆ ಚುಚ್ಚು, ಗಲ್ಲದಡಿ ಕೊಯ್ಯಿ,
ನಾಲಗೆ ಬುಟ್ಟಿಗೆ, ಉಳಿದದ್ದು ಆಚೆಗೆ.
ನಾಲಗೆಗೆ ಎಲುಬಿಲ್ಲ ಎಂದವರು
ಇದನ್ನು ನೋಡಿಯೇ ಅಂದಿರಬೇಕು.
ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಟೀರಿಲ್‌ಗೆ ಹನ್ನೊಂದು. ಗುನ್‌ವೋರಳ ಮೊಮ್ಮಗಳು.
ಚಾಕು ಹಿಡಿದು ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತಳು,
"ಹಾಲ್‌ವರ್ಡ್, ಇದು ಕೊಯ್ಯುವುದಿಲ್ಲ. ಹಿಸುಕುತ್ತದೆ."

ನನ್ನಲ್ಲಿದ್ದದ್ದು ಅಪ್ಪನ ಕಾಲದ ಸಾಣೆಗಾಲಿ,
ಸತ್ತ ವಾಷಿಂಗ್ ಮೆಷಿನ್ನಿನ ಸಾಯದ ಮೋಟರು,
ಒಲೆಗೆಂದು ಒಟ್ಟಿದ್ದ ಚೂರುಮರ:
ಒಡೆದ ಮೀನುಪೆಟ್ಟಿಗೆಯ ಪಟ್ಟಿ,
ಯಾವುದೋ ದೋಣಿಯ ಪಕ್ಕೆಗೆ ತಂದು ಮಿಕ್ಕಿದ ಓಕ್,
ಯಾರದೋ ಮುರಿದ ಸ್ಕೀ.

ಕೋನ ಅಳೆಯುವುದು ಎಲ್ಲಿ ಹೋಯಿತೋ.
ಕಾಗದ ಮಡಚಿದೆ. ಮೂಲೆ ತೊಂಬತ್ತು,
ಮಡಚಿದರೆ ನಲವತ್ತೈದು, ಇನ್ನೊಮ್ಮೆ ಮಡಚಿದರೆ
ಇಪ್ಪತ್ತೆರಡೂವರೆ; ಅದರಿಂದ ಒಂದು ಕೂದಲು
ಕಣ್ಣಂದಾಜಿನಲ್ಲಿ ಕಳೆದು
ಓಕಿನ ಬೆಣೆ ಕೊಯ್ದೆ.
ಸ್ಕೀಯ ಬಾಗಿದ ಮೂತಿ ಕತ್ತರಿಸಿದರೆ
ಅಲಗು ಜಾರಲು ನುಣ್ಣನೆಯ ಮೇಜು.
ಎರಡು ಪಟ್ಟಿ, ಒಂದು ಬೋಲ್ಟು, ಚಿಟ್ಟೆ ನಟ್ಟು:
ಚಾಕುವಿನ ಬೆನ್ನು ಕಚ್ಚುವ ದವಡೆ.
ಪಾಕದ ಡಬ್ಬಿಯ ತಳಕ್ಕೆ ಮೊಳೆಯ ತೂತು,
ಗಾಲಿಯ ನೆತ್ತಿಗೆ ತೊಟ್ಟು ತೊಟ್ಟು ನೀರು.

ಮೊದಲ ಸಲ ಗಾಲಿ ಅಲಗನ್ನೇ ಕಸಿದು
ಮಾಡಿಗೆ ಎಸೆಯಿತು.
ತೊಲೆಯಲ್ಲಿ ನೆಟ್ಟು, ಸುಮಾರು ಹೊತ್ತು ನಡುಗಿತು ಚಾಕು.
ಪೆಟ್ಟಿಗೆಯ ಪೈನು ಮೆತ್ತಗೆ; ಬಿಗಿದಷ್ಟೂ ತಗ್ಗು,
ತಗ್ಗಾದಷ್ಟೂ ಸಡಿಲ.
ನಲವತ್ತು ವರ್ಷ ದೋಣಿ ಕಟ್ಟಿದವನಿಗೆ
ಅಷ್ಟೂ ಹೊಳೆಯಲಿಲ್ಲ.
ದವಡೆ ಒಲೆಗೆ ಹೋಯಿತು, ಕಾಫಿಗಾದರೂ ಆಯಿತು.
ಓಕಿನಲ್ಲಿ ಇನ್ನೊಂದು ಮಾಡಿದೆ. ಬೆಲ್ಟನ್ನು
ಎಂಟರ ಅಂಕಿಯಂತೆ ತಿರುಚಿ ಹಾಕಿದೆ:
ಗಾಲಿ ಈಗ ಅಂಚಿನ ಕಡೆಗೆ ನುಗ್ಗುವುದಿಲ್ಲ,
ಅಂಚಿನಿಂದ ದೂರ ಓಡುತ್ತದೆ.

ಸರಿ, ನೀನೇ ಹಿಡಿ ಎಂದೆ.
ಅವಳ ಮೊಣಕೈ ಗೋಡೆಗೆ ಬಡಿಯಿತು.
ಮತ್ತೆ ಬಡಿಯಿತು.
"ನಾನು ಎಡಚಿ," ಎಂದಳು,
ಹೆಸರು ಕೇಳಿದವರಿಗೆ ಹೆಸರು ಹೇಳಿದ ಹಾಗೆ.

ಎಲ್ಲ ಬಿಚ್ಚಿದೆ. ಬಲದ್ದು ಎಡಕ್ಕೆ,
ಹಳೆಯ ತೂತುಗಳ ಪಕ್ಕ ಹೊಸ ತೂತು.
ಅತ್ತಲಿಂದ ಹೇಗಿದೆ ನೋಡೋಣವೆಂದು
ಹಿಡಿಯನ್ನು ಎಡಗೈಗೆ ಕೊಟ್ಟೆ.

ಶಾಲೆಯಲ್ಲಿ ಟೀಚರು ಉಣ್ಣೆಯ ದಾರದಲ್ಲಿ
ಬೆಂಚಿನ ಕಾಲಿಗೆ ಬಿಗಿಯುತ್ತಿದ್ದ ಕೈ ಅದು,
ಮೊದಲೆರಡು ವರ್ಷ. ಆಮೇಲೆ
ಕಟ್ಟುವ ಅಗತ್ಯ ಬೀಳಲಿಲ್ಲ.
ಬಾಚಿ, ಸುತ್ತಿಗೆ, ಬ್ಯಾಂಕಿನ ಸಹಿ, ಎಲ್ಲ ಬಲಗೈ.
ಎಡಗೈ, ಹಲಗೆ ಅಲುಗದಂತೆ ಒತ್ತಿ ಹಿಡಿವ ಆಳು.

ಅಲಗು ಕಲ್ಲಿನ ಮೇಲೆ ಕೂತಿತು.
ಹತ್ತು ಹನ್ನೆರಡು ಎಳೆತವಾದ ಮೇಲೆ ಕಂಡೆ,
ಬೆಣೆ ಇನ್ನೂ ಮೂಲೆಯ ಸ್ಟೂಲಿನ ಮೇಲಿದೆ.
ಮಡಚಿದ ಕಾಗದ ತಂದು ಅಲಗಿಗೆ ಹಿಡಿದೆ.
ಬೇಡ, ಹೇಳಿದರೆ ನೀವು ನಂಬುವುದಿಲ್ಲ.

"ಯಾಕೆ ನಿಲ್ಲಿಸಿದಿರಿ?"
"ನೀರು ಮುಗಿಯಿತು," ಎಂದೆ.
ಡಬ್ಬಿ ತೊಟ್ಟಿಕ್ಕುತ್ತಲೇ ಇತ್ತು.

ಶನಿವಾರ ಬಾಗಿಲ ಹಿಡಿಗೆ
ಒಂದು ಚೀಲ ನಾಲಗೆ ತೂಗುಹಾಕಿ ಹೋಗಿದ್ದಳು.
ಹಿಟ್ಟಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದೆ.
ಈಗ ನಾಲ್ಕಾರು ಮಕ್ಕಳು ಬರುತ್ತಾರೆ;
ಯಾವ ಕೈ ಎಂದು ಕೇಳಿ, ಆ ಸಾಲಿಗೆ ತಿರುಪು ಬಿಗಿಯುತ್ತೇನೆ.
ಓಕ್ ನೀರು ಕುಡಿದು ಉಬ್ಬುತ್ತದೆ.
ಬೆಣೆಯಿಂದ ದಿನಕ್ಕೊಂದು ಸಿಪ್ಪೆ
ಹೆರೆಯಬೇಕು,
ಬೆಳಕು ಬಂದ ಆ ಅರ್ಧ ಗಂಟೆಯಲ್ಲಿ.